ಮಂಗಳ ಬಾಕಿ ಇದೆ

ಅಡ್ಯಾರ್, ಮದರಾಸು
24 ನವೆಂಬರ್ 1957

ಪೂಜ್ಯ ಭೀಮಾಬಾಯಿಯವರಿಗೆ ವೆಂಕಟಲಕ್ಷ್ಮಿಯ ನಮಸ್ಕಾರಗಳು.

ನಿನ್ನೆ ಶನಿವಾರ ಎಂದಿನಂತೆ ಸೈದಾಪೇಟೆಯವರೆಗೆ ಬಸ್ಸು, ಅಲ್ಲಿಂದ ಎಲೆಕ್ಟ್ರಿಕ್ ಟ್ರೈನು ಹಿಡಿದು ಪಲ್ಲಾವರಂಗೆ ಬಂದೆ. ನಿಮ್ಮ ಕಾಲಿಗೆ ಬಿದ್ದಾದರೂ ಸರಿ, ತಪ್ಪಾಯಿತು ಎಂದು ಹೇಳಬೇಕೆಂದಿದ್ದೆ. ಬಾಗಿಲಿಗೆ ಬೀಗ ಇತ್ತು. ಪಕ್ಕದ ಮನೆಯ ಅಂಬುಜಮ್ಮ ತಿಣ್ಣೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. "ಭೀಮಕ್ಕ ಗುಂತಕಲ್ಲಿಗೆ ಹೊರಟ್ಹೋದ್ರಲ್ಲಮ್ಮಾ. ಅವರ ಮಗ ಪಂಢರಿಗೆ ಟ್ರಾನ್ಸ್‌ಫರ್ ಆಯ್ತು. ನಿಮ್ಮ ಹತ್ರ ಹೇಳ್ಲೇ ಇಲ್ವಾ?" ಎಂದರು. ಇಲ್ಲ ಎಂದೆ. ಅವರು ನನ್ನ ಮುಖ ನೋಡಿ ಒಂದು ಲೋಟ ನೀರು ಕೊಟ್ಟರು. ವಿಳಾಸವನ್ನೂ ಅವರೇ ಕೊಟ್ಟರು.

ಹೋದ ವಾರ, ಸ್ಕೂಲ್ ಟೀಚರುಗಳಿಗೆ ಜನರ ಹಾಡು ಕಲಿಸುವ ನಮ್ಮ ಕೇಂದ್ರದಲ್ಲಿ ನಡೆದದ್ದು ನಿಮ್ಮ ಕಣ್ಣೆದುರೇ ನಡೆಯಿತು. ಆದರೆ ಆಗ ನನ್ನ ತಲೆಯೊಳಗೆ ಏನಿತ್ತು ಎಂಬುದು ನಿಮಗೆ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೇಂದ್ರದ ತಪಾಸಣೆ ಮಾಡುವ ಕಮಿಟಿಯ ಮುರಳೀಧರ ರಾವ್ ನಾಲ್ಕು ಗಂಟೆಗೆ ಬರುತ್ತೇನೆಂದವರು ಆರಕ್ಕೆ ಬಂದರು. ಬಂದವರೇ ಗಡಿಯಾರ ನೋಡಿಕೊಂಡು, "ನನಗೆ ಜಾಸ್ತಿ ಹೊತ್ತಿಲ್ಲ, ಟೀಚರುಗಳೂ ಈ ಹೆಂಗಸರೂ ಸೇರಿ ಚೆನ್ನಾಗಿ ಹಾಡೋದು ಯಾವುದಿದೆಯೋ ಅದನ್ನ ಮೊದಲು ಹಾಡಿಸಿ" ಎಂದರು. ನಮ್ಮ ಟೀಚರುಗಳು ನಿಮ್ಮ ಭಜನಾ ಮಂಡಳಿಯ ಜೊತೆ ಒಂದೇ ಒಂದು ತಪ್ಪಿಲ್ಲದೆ ಹಾಡುತ್ತಿದ್ದದ್ದು ಮಂಗಳ ಮಾತ್ರ. ಪ್ರತಿ ಶನಿವಾರ ಕೊನೆಯಲ್ಲಿ ಹಾಡಿ ಹಾಡಿ ಅವರ ಬಾಯಿಗೆ ಅದೊಂದು ಕುಳಿತಿತ್ತು. "ಮಂಗಳ ಹಾಡಿಬಿಡೋಣ ಭೀಮಕ್ಕ, ಆಮೇಲೆ ಮಿಕ್ಕದ್ದು" ಎಂದುಬಿಟ್ಟೆ. ಸಂಗೀತದ ಕಾಲೇಜಿನಲ್ಲಿ ಮಂಗಳ ನಮಗೆ ಒಂದು ಪಾಠ. ಯಾವ ರಾಗ, ಯಾವ ತಾಳ, ಎಷ್ಟು ಅಂಕ ಎಂಬುದಷ್ಟೇ ಅಲ್ಲಿ ಲೆಕ್ಕ. ಅದನ್ನು ಹಾಡಿದರೆ ಸಭೆ ಮುಗಿಯಿತು, ಅವತ್ತು ಮತ್ತೆ ಯಾರೂ ಬಾಯಿ ತೆರೆಯುವಂತಿಲ್ಲ ಎಂಬುದು ಆ ಹೊತ್ತಿನಲ್ಲಿ ನನಗೆ ಹೊಳೆಯಲೇ ಇಲ್ಲ. ನಮ್ಮ ಮನೆಯಲ್ಲೂ ಶನಿವಾರದ ಭಜನೆ ಇತ್ತು. ಅಜ್ಜಿ ಇದ್ದಿದ್ದರೆ ಕಿವಿ ಹಿಂಡುತ್ತಿದ್ದಳು.

ನೀವು ನನ್ನನ್ನೇ ನೋಡಿದಿರಿ. ಹಾರ್ಮೋನಿಯಂ ಕಡೆ ತಿರುಗಿ "ಶ್ರುತಿ ಒಂದು ಮನೆ ಇಳಿಸು" ಎಂದಿರಿ. ಹಾಡಿದಿರಿ. ಅಂಬುಜಮ್ಮ ಆರತಿ ಎತ್ತಿದರು. ಎಲ್ಲರೂ ಎದ್ದು ಸೆರಗು ಸರಿಮಾಡಿಕೊಂಡು ಹೊರಟೇಬಿಟ್ಟಿರಿ. ನಾನು ಗೇಟಿನ ತನಕ ಓಡಿಬಂದರೆ, "ಮುಗೀತಲ್ಲವಾ, ಇನ್ನೇನದ?" ಎಂದಿರಿ. ಒಳಗೆ ಮುರಳೀಧರ ರಾವ್ "ಮುಂದಿನ ಹಾಡು?" ಎಂದು ಕೇಳುತ್ತಾ ಕುಳಿತಿದ್ದರು. "ಸಮುದಾಯದ ಗಾಯಕರು ಶಿಕ್ಷಕರೊಂದಿಗೆ ಸಹಕರಿಸುವುದಿಲ್ಲ" ಎಂದು ಬರೆದುಕೊಂಡು ಹೋದರು.

ಫೆಬ್ರವರಿ ಕೊನೆಗೆ ಅವರು ಇನ್ನೊಮ್ಮೆ ಬರುತ್ತಾರಂತೆ. ಆಗ ನಮ್ಮ ಟೀಚರುಗಳೂ ನಿಮ್ಮ ಮಂಡಳಿಯೂ ಪಕ್ಕಪಕ್ಕ ಕುಳಿತು, ಮೊದಲಿನಿಂದ ಮಂಗಳದ ತನಕ ಒಂದು ಇಡೀ ಭಜನೆ ಹಾಡಿ ತೋರಿಸದಿದ್ದರೆ ಕೇಂದ್ರ ಮುಚ್ಚುತ್ತದೆ. ಎಣ್ಣೂರಿನಲ್ಲಿ ದೋಣಿಯವರ ಹಾಡು ಕಲಿಯಲು ಕಳಿಸಿದ ಟೀಚರ್ ಮೀನಿನ ವಾಸನೆ ಆಗುವುದಿಲ್ಲ ಎಂದು ಮೂಗು ಮುಚ್ಚಿಕೊಂಡು ವಾಪಸು ಬಂದ. ಅಲ್ಲಿಗೆ ಅದು ಮುಗಿಯಿತು. ಇರುವುದು ಪಲ್ಲಾವರಂ ಒಂದೇ. ಅಂಬುಜಮ್ಮನನ್ನು ಕೇಳಿದೆ, "ನೀವು ನಡೆಸಿ" ಎಂದು. "ಅಯ್ಯೋ, ಭೀಮಕ್ಕ ತಾಳ ಕೈಗೆ ಕೊಡದೆ ಯಾರಾದ್ರೂ ಎತ್ತೋದುಂಟಾ? ತಾಳಾನೂ ಅವರ ಜೊತೇಲೇ ಹೋಯ್ತು" ಎಂದರು.

ದಯವಿಟ್ಟು ಒಂದು ತಿಂಗಳ ಮಟ್ಟಿಗಾದರೂ ಬನ್ನಿ. ನಮ್ಮ ಮನೆಯಲ್ಲೇ ಇರಿ, ಮಡಿಯಲ್ಲಿ ಅಡಿಗೆ ಮಾಡಿಸುತ್ತೇನೆ. ಮದುವೆ ಬಿಟ್ಟೆ, ಸಂಗೀತ ಕಚೇರಿ ಬಿಟ್ಟೆ, ಈ ಒಂದನ್ನು ಕಟ್ಟಿದೆ. ಇದೂ ಹೋದರೆ ನಾನು ಏನು ಮಾಡಬೇಕೋ ನನಗೆ ಗೊತ್ತಿಲ್ಲ.

ಇಂತು,
ವೆಂಕಟಲಕ್ಷ್ಮಿ


ರೈಲ್ವೆ ಕ್ವಾರ್ಟರ್ಸ್, ಗುಂತಕಲ್
11 ಡಿಸೆಂಬರ್ 1957

ಟೀಚರ್ ವೆಂಕಟಲಕ್ಷ್ಮಿಯವರಿಗೆ ಭೀಮಾಬಾಯಿಯ ಆಶೀರ್ವಾದ.

ನಿಮ್ಮ ಕಾಗದ ಬಂತು. ಅಕ್ಷರ ಇರುವೆ ಸಾಲಿನ ಹಾಗಿದೆ, ಕನ್ನಡಕ ಹಾಕಿದರೂ ತಿಳಿಯಲಿಲ್ಲ. ಸೊಸೆ ಓದಿ ಹೇಳಿದಳು. ಇನ್ನು ಮುಂದೆ ದೊಡ್ಡದಾಗಿ ಬರೆಯಿರಿ.

ನನಗೆ ಸಿಟ್ಟಿಲ್ಲ. ಮಂಗಳ ಆದ ಮೇಲೆ ಹಾಡಬಾರದು ಎಂದು ನಮ್ಮ ಅತ್ತೆ ಹೇಳಿಕೊಟ್ಟಿದ್ದರು, ಹಾಡಲಿಲ್ಲ. ಅಷ್ಟೇ. ಮಗನಿಗೆ ವರ್ಗ ಆಯಿತು, ಬಂದೆ. ಅಷ್ಟೇ. ನಿಮಗೆ ಹೇಳಿ ಬರಲಿಕ್ಕೆ ಹೊತ್ತು ಸಿಗಲಿಲ್ಲ.

ಬರಲಿಕ್ಕೆ ಆಗುವುದಿಲ್ಲ. ತಾಳವನ್ನೂ ಕೊಡುವುದಿಲ್ಲ. ಅದು ನಮ್ಮ ಅತ್ತೆಯದು, ಅವರು ಹಾಸಿಗೆ ಹಿಡಿದ ಮೇಲೆಯೇ ನನ್ನ ಕೈಗೆ ಬಂದದ್ದು. ಅಂಬುಜಮ್ಮನ ಕೈಗೆ ಕೊಟ್ಟರೆ ಎರಡನೇ ಹಾಡಿಗೇ ಓಟ ಕೀಳುತ್ತಾಳೆ, ಅವಳ ಹಿಂದೆ ಉಳಿದವರು ಏದುಸಿರು ಬಿಡುತ್ತಾರೆ. ನಿಮ್ಮ ಟೀಚರುಗಳಂತೂ ನನ್ನ ಬಾಯಿ ನೋಡದೆ ಕೈಯಲ್ಲಿರುವ ಪುಸ್ತಕ ನೋಡುತ್ತಾರೆ. ಬೇರೆ ಯಾವುದಾದರೂ ಮಂಡಳಿ ನೋಡಿಕೊಳ್ಳಿ. ಮಾಂಬಲದ ಕಡೆ ಎಷ್ಟೋ ಇವೆ.

ಇಲ್ಲಿ ಹಗಲೆಲ್ಲ ಇಂಜಿನ್ನುಗಳ ಸದ್ದು. ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ನನಗೆ ಅದೇ ಅನುಕೂಲವಾಗಿದೆ. ಇಲ್ಲಿಯ ನೀರು ಮಾತ್ರ ಒಗ್ಗಿಲ್ಲ. ಬರೆಯುವುದು ಇಷ್ಟೇ.

ಭೀಮಾಬಾಯಿ


ಅಡ್ಯಾರ್
22 ಡಿಸೆಂಬರ್ 1957

ಪೂಜ್ಯ ಭೀಮಕ್ಕನವರಿಗೆ,

ನಿಮ್ಮ ಮಾತಿನಂತೆ ದೊಡ್ಡಕ್ಷರದಲ್ಲಿ ಬರೆಯುತ್ತಿದ್ದೇನೆ. ಕಾಗದ ಜಾಸ್ತಿ ಖರ್ಚಾಗುತ್ತದೆ, ಆಗಲಿ.

ಸಿಟ್ಟಿಲ್ಲ ಅಂದವರ ಕಾಗದದಲ್ಲಿ ಇಷ್ಟೊಂದು "ಅಷ್ಟೇ" ಇರುವುದಿಲ್ಲ. ಪಲ್ಲಾವರಂನಲ್ಲಿದ್ದಾಗ ನೀವು ಯಾವತ್ತೂ ಕೈಯಲ್ಲಿ ಬರೆದವರಲ್ಲ. ನೀವು ಉಯ್ಯಾಲೆಯ ಮೇಲೆ ಕುಳಿತು ಹೇಳುತ್ತಿದ್ದಿರಿ, ಪಂಢರಿ ಬರೆಯುತ್ತಿದ್ದರು. ಈ ಸಲ ನೀವೇ ಸೊಟ್ಟಸೊಟ್ಟ ಅಕ್ಷರದಲ್ಲಿ ಬರೆದಿದ್ದೀರಿ. ಹೊಟ್ಟೆಯ ಮಗನಿಗೂ ತಿಳಿಯಬಾರದಷ್ಟು ಸಿಟ್ಟು ನನ್ನ ಮೇಲಿದೆ ಎಂದು ಅರ್ಥವಾಯಿತು. ಸಿಟ್ಟು ಮಾಡಿಕೊಳ್ಳಿ. ಇಲ್ಲಿಗೆ ಬಂದು ಎದುರಿಗೆ ಕುಳಿತು ಬೈಯಿರಿ. ಅಷ್ಟು ದೂರ ಕುಳಿತು "ಮಾಂಬಲದ ಕಡೆ ನೋಡಿಕೊಳ್ಳಿ" ಎಂದರೆ ನನಗೆ ತಡೆಯಲಾಗುವುದಿಲ್ಲ.

ನೀವು ತಾಳ ಕೊಡದಿದ್ದರೂ ನಾನು ನಿನ್ನೆ ಹಟಕ್ಕೆ ಬಿದ್ದು ಒಂದು ಪ್ರಯತ್ನ ಮಾಡಿದೆ. ಅಂಬುಜಮ್ಮನ ಮನೆಯ ನಡುಮನೆಯಲ್ಲಿ ಸೇರಿದೆವು. ತಾಳ ಇಲ್ಲದ್ದಕ್ಕೆ ಕೈಚಪ್ಪಾಳೆ. ಮಂಡಳಿಯಿಂದ ಬಂದವರು ಮೂವರು, ಅವರಲ್ಲೊಬ್ಬರು ಕಾಫಿ ಕುಡಿದು ಎದ್ದುಹೋದರು. ನೀವು ಹೇಳಿದ್ದು ಸರಿ, ಅಂಬುಜಮ್ಮ ಓಟ ಕಿತ್ತರು. ನಮ್ಮ ಟೀಚರ್ ಒಬ್ಬಳು "ಮಾಮಿ, ಪುಸ್ತಕದಲ್ಲಿ ಇಲ್ಲಿ ಎರಡು ಅಕ್ಷರದ ಹೊತ್ತು ನಿಲ್ಲಬೇಕೂಂತ ಇದೆ" ಎಂದಳು. ಅಂಬುಜಮ್ಮ, "ನಿಮ್ಮ ಪುಸ್ತಕ ಹುಟ್ಟೋಕೆ ಮುಂಚೆ ನಾನು ಈ ಹಾಡು ಹಾಡ್ತಿದ್ದೆ ಕಣಮ್ಮಾ" ಎಂದು ಸೆರಗು ಕೊಡವಿ ಅಡಿಗೆಮನೆಗೆ ಹೋದರು. ನನಗೂ ರೇಗಿತು. ಅವರ ಅಡಿಗೆಮನೆಯ ಬಾಗಿಲಲ್ಲೇ ನಿಂತು, "ಹೀಗೆ ಎದ್ದೆದ್ದು ಹೋಗೋದು ನಿಮ್ಮ ಮಂಡಳಿಗೇ ರೋಗ" ಎಂದುಬಿಟ್ಟೆ. ಒಳಗಿನಿಂದ ಪಾತ್ರೆ ಬಿದ್ದ ಸದ್ದಾಯಿತು. ಬಿದ್ದದ್ದೋ ಎತ್ತಿ ಹಾಕಿದ್ದೋ ಗೊತ್ತಾಗಲಿಲ್ಲ.

ವಾಪಸು ಬರುವಾಗ ಟ್ರೈನಿನಲ್ಲಿ ಸೀತಾ ಜೊತೆಗಿದ್ದಳು. ನೆನಪಿದೆಯಲ್ಲ, ನಮ್ಮ ಟೀಚರುಗಳಲ್ಲೆಲ್ಲ ಚಿಕ್ಕವಳು, ನೀವು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವಳು. "ಪರವಾಯಿಲ್ಲೆ ಟೀಚರ್, ಅವಂಗ ವರುವಾಂಗ" ಎಂದು ನನಗೆ ಸಮಾಧಾನ ಹೇಳಿದಳು. ಬರುತ್ತಾರೆ ಎಂದು ಅವಳಿಗಾದರೂ ನಂಬಿಕೆ ಇದೆ.

ನನಗೆ ಊಟ ಸೇರುತ್ತಿಲ್ಲ. ಯಾಕೆ ಎಂದು ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತೇನೆ. ಬನ್ನಿ.

ವೆಂಕಟಲಕ್ಷ್ಮಿ


ಅಡ್ಯಾರ್
18 ಜನವರಿ 1958

ಭೀಮಕ್ಕನವರಿಗೆ,

ವೈಕುಂಠ ಏಕಾದಶಿ ಹೋಯಿತು, ಸಂಕ್ರಾಂತಿ ಹೋಯಿತು, ನಿಮ್ಮಿಂದ ಒಂದು ಕಾರ್ಡು ಇಲ್ಲ. ಎಳ್ಳು ಬೀರಲು ಅಂಬುಜಮ್ಮನ ಮನೆಗೆ ಹೋಗಿದ್ದೆ. ಎಳ್ಳು ತೆಗೆದುಕೊಂಡರು. ಮಾತು ಮಾತ್ರ ಹವಾಮಾನದಿಂದ ಆಚೆಗೆ ಹೋಗಲಿಲ್ಲ.

ಮುರಳೀಧರ ರಾವ್ ಫೆಬ್ರವರಿಯಲ್ಲಿ ಖಂಡಿತ ಬರುತ್ತಾರೆ. ಟೀಚರುಗಳೆಲ್ಲ ಹುರುಪಿನಿಂದ ಕಲಿಯುತ್ತಿದ್ದಾರೆ. ಎಲ್ಲ ಸಿದ್ಧವಾಗಿದೆ, ನೀವು ಬಂದು ಕುಳಿತರೆ ಸಾಕು. ಬರಲು ಆಗದಿದ್ದರೆ ತಾಳ ಕಳಿಸಿ. ತಾಳ ಕಳಿಸಲು ಮನಸ್ಸಿಲ್ಲದಿದ್ದರೆ "ಹಾಡಿ" ಎಂದು ಒಂದು ಮಾತು ಬರೆಯಿರಿ, ಅದನ್ನೇ ಹೆಂಗಸರಿಗೆ ತೋರಿಸುತ್ತೇನೆ. ಅದೂ ಆಗದಿದ್ದರೆ "ನನ್ನ ಪಾಲಿಗೆ ನೀನು ಸತ್ತೆ" ಎಂದಾದರೂ ಬರೆಯಿರಿ. ಪೋಸ್ಟಿನವನು ಗೇಟು ದಾಟಿ ಮುಂದೆ ಹೋಗುವುದನ್ನು ದಿನಾ ನೋಡಿ ನನಗೆ ಹುಚ್ಚು ಹಿಡಿಯುತ್ತಿದೆ.

ವೆಂಕಟಲಕ್ಷ್ಮಿ


ಗುಂತಕಲ್
27 ಜನವರಿ 1958

ವೆಂಕಟಲಕ್ಷ್ಮಿಗೆ ಆಶೀರ್ವಾದ.

ಸಂಕ್ರಾಂತಿ ಮುಗಿದ ಮೇಲೆ ಯಾರೂ ಯಾರಿಗೂ ಸಾಯುವ ಮಾತು ಬರೆಯಬಾರದು. ನಿಮ್ಮ ತಾಯಿ ಇದ್ದಿದ್ದರೆ ಬಾಯಿಗೆ ಬರೆ ಹಾಕುತ್ತಿದ್ದರು. ನಿಮ್ಮ ಅಲ್ಲ, ನಿನ್ನ ತಾಯಿ. ಇನ್ನು ನೀನು ಎಂದೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. "ನೀವು" ಬರೆಯಲು ಕೈ ನೋಯುತ್ತದೆ.

ನಾನು ಬರಲಾರೆ. ಆದರೆ ಕೆಲಸ ಹೇಳುತ್ತೇನೆ, ಕೇಳು. ನಿನ್ನ ಟೀಚರುಗಳು ಹೊಸ ಹಾಡಿಗೆ ಕುಳಿತಾಗ ಪುಸ್ತಕ ಮುಚ್ಚಿಸು. ಮೊದಲ ಸಲ ಬರೀ ಕೈ ತಟ್ಟಲಿ. ಎರಡನೇ ಸಲ ಪಲ್ಲವಿ ಮಾತ್ರ ಹಿಡಿಯಲಿ. ಮಂಡಳಿಯವರನ್ನು ಒಂದು ಕಡೆ, ಟೀಚರುಗಳನ್ನು ಇನ್ನೊಂದು ಕಡೆ ಕೂರಿಸಿದ್ದೆಯಲ್ಲ, ಬೀಗರ ಹಾಗೆ, ಅದು ಬೇಡ. ಒಬ್ಬರ ಪಕ್ಕ ಒಬ್ಬರು ಕೂರಬೇಕು, ಮೊಣಕಾಲಿಗೆ ಮೊಣಕಾಲು ತಾಗಬೇಕು. ಪಕ್ಕದವಳು ಉಸಿರು ತೆಗೆಯುವುದು ಗೊತ್ತಾದರೆ ಅರ್ಧ ಹಾಡು ಬಂದಂತೆ. ಅಂಬುಜಮ್ಮನಿಗೆ ತಪ್ಪು ಹೇಳಬೇಕಾದರೆ ಎಲ್ಲರೆದುರು ಹೇಳಬೇಡ. ಅವಳ ಕಾಫಿ ಹೊಗಳು, ಆಮೇಲೆ ಹೇಳು.

ಇನ್ನೊಂದು ಮಾತು. ಸೀತಾ ನಾನು ಹಾಡಿದ್ದನ್ನೆಲ್ಲ ಸ್ವರ ಹಾಕಿ ಬರೆದುಕೊಳ್ಳುತ್ತಿದ್ದಳಲ್ಲ. ಪೂರ್ತಿ ಬರೆದಿದ್ದಾಳೆಯೇ? ನಮ್ಮ ಅತ್ತೆಯ ಧಾಟಿಯ ಹಾಡುಗಳಿದ್ದವು, ಅವನ್ನು ಬಿಟ್ಟಿಲ್ಲವಷ್ಟೇ? ಜೋಪಾನವಾಗಿ ಇಡಲು ಹೇಳು. ಇಲಿ ಕಡಿಯದ ಕಡೆ ಇಡಬೇಕು.

ನಾನು ಚೆನ್ನಾಗಿದ್ದೇನೆ. ಸೊಸೆ ಗಂಜಿ ಮಾಡಿ ಕೊಡುತ್ತಾಳೆ, ಅದೇ ಇಳಿಯುತ್ತದೆ. ಮೊಮ್ಮಗಳು ಹಾಡು ಹೇಳು ಎಂದು ಪೀಡಿಸುತ್ತಾಳೆ. ಕೈ ತಟ್ಟಿ ತೋರಿಸುತ್ತೇನೆ, ಅವಳೇ ಹಾಡಿಕೊಳ್ಳುತ್ತಾಳೆ.

ಭೀಮಾಬಾಯಿ


ಅಡ್ಯಾರ್
1 ಫೆಬ್ರವರಿ 1958

ಭೀಮಕ್ಕ,

ನಿಮ್ಮ ಕಾಗದವನ್ನು ಮೊದಲ ಸಲ ಓದಿದಾಗ ಕುಣಿದಾಡುವಷ್ಟು ಸಂತೋಷವಾಯಿತು. ಎರಡನೇ ಸಲ ಓದುವಾಗ ನಿಮ್ಮ ಮೊದಲ ಕಾಗದವನ್ನೂ ತೆಗೆದು ಪಕ್ಕದಲ್ಲಿಟ್ಟುಕೊಂಡೆ.

ಸೀತಾ ಪುಸ್ತಕ ತೆರೆದರೆ ನೀವು ಮುಖ ತಿರುಗಿಸುತ್ತಿದ್ದಿರಿ. "ಹಾಡು ಏನು ಸೀಮೆಎಣ್ಣೆ ರೇಷನ್ನೇ, ಬರೆದಿಟ್ಟುಕೊಳ್ಳಲಿಕ್ಕೆ?" ಎಂದು ಅವಳನ್ನು ಅಳಿಸಿದ್ದಿರಿ. ಆ ನೀವು ಈಗ ಇಲಿ ಕಡಿಯದ ಕಡೆ ಇಡು ಎನ್ನುತ್ತಿದ್ದೀರಿ. ಮೊಮ್ಮಗಳು ಕೇಳಿದರೆ ಹಾಡುವುದಿಲ್ಲ, ಕೈ ತಟ್ಟುತ್ತೀರಿ. ಗಂಜಿ ಮಾತ್ರ ಇಳಿಯುತ್ತದೆ. ಪಂಢರಿಗೆ ಹೇಳಿ ಬರೆಸುವುದನ್ನು ಬಿಟ್ಟು ನೀವೇ ಬರೆಯುತ್ತಿದ್ದೀರಿ. ಅದು ಸಿಟ್ಟಲ್ಲ. ಹೇಳಿ ಬರೆಸಲು ನಿಮಗೆ ದನಿ ಇಲ್ಲ.

ಅವತ್ತು ಶ್ರುತಿ ಒಂದು ಮನೆ ಇಳಿಸು ಎಂದಿರಿ. ಟೀಚರುಗಳಿಗೆ ಸುಲಭವಾಗಲಿ ಎಂದು ಇಳಿಸಿದಿರಿ ಎಂದುಕೊಂಡೆ ನಾನು, ಶ್ರುತಿ ಕಲಿಸಿ ಸಂಬಳ ತೆಗೆದುಕೊಳ್ಳುವವಳು! ಇಳಿಸಿದರೂ ಮೇಲಿನ ಷಡ್ಜದಲ್ಲಿ ನಿಮ್ಮ ದನಿ ಒಡೆಯಿತು. ಆ ಜಾಗದಲ್ಲಿ ಅಂಬುಜಮ್ಮ ಜೋರಾಗಿ ಹಾಡಿ ಮುಚ್ಚಿದರು. ಈಗ ಕೂತು ನೆನಪಿಸಿಕೊಂಡರೆ ಎಲ್ಲವೂ ಕೇಳುತ್ತಿದೆ. ನೀವು ಎದ್ದುಹೋದದ್ದು ನನ್ನ ಮೇಲಿನ ಸಿಟ್ಟಿಗಲ್ಲ. ಇನ್ನೊಂದು ಹಾಡು ಹಾಡುವ ಶಕ್ತಿ ಇರಲಿಲ್ಲ.

ನಾನು ತಪ್ಪು ತಿಳಿದಿದ್ದರೆ ದೇವರ ದಯೆ, ಹಾಗೆಂದು ಬರೆಯಿರಿ, ನನ್ನನ್ನು ದಡ್ಡಿ ಎನ್ನಿರಿ. ನಿಜವಾದರೆ ಮೊದಲ ರೈಲಿಗೆ ಹೊರಡಿ. ಇಲ್ಲಿ ದೊಡ್ಡ ಆಸ್ಪತ್ರೆ ಇದೆ, ದೊಡ್ಡ ಡಾಕ್ಟರುಗಳಿದ್ದಾರೆ. ಸೆಂಟ್ರಲ್ ಸ್ಟೇಷನ್ನಿಗೆ ನಾನೇ ಬರುತ್ತೇನೆ. ಭಜನೆ ಬೇಡ, ತಾಳ ಬೇಡ, ಮುರಳೀಧರ ರಾವ್ ಹಾಳಾಗಿ ಹೋಗಲಿ. ನೀವು ಬನ್ನಿ ಸಾಕು.

ನಿಮ್ಮ
ವೆಂಕಟಲಕ್ಷ್ಮಿ


ಗುಂತಕಲ್
12 ಫೆಬ್ರವರಿ 1958

ಚಿ. ವೆಂಕಟಲಕ್ಷ್ಮಿಗೆ,

ದಡ್ಡಿಯಲ್ಲ ನೀನು. ತಡವಾಗಿ ಕೇಳಿಸಿಕೊಳ್ಳುವವಳು, ಅಷ್ಟೇ.

ನವರಾತ್ರಿಯ ಹೊತ್ತಿಗೇ ಗಂಟಲು ಕೆಟ್ಟಿತ್ತು. ನೀನು ಹೇಳುವ ದೊಡ್ಡ ಆಸ್ಪತ್ರೆಗೆ ಪಂಢರಿ ಕರೆದುಕೊಂಡು ಹೋಗಿದ್ದ. ಹುಣ್ಣು ಕೆಟ್ಟ ಜಾತಿಯದು, ಕೊಯ್ದು ತೆಗೆದರೆ ಜೀವ ಉಳಿಯಬಹುದು, ಮಾತು ಉಳಿಯುವುದಿಲ್ಲ ಎಂದರು. ನಾನು ಒಲ್ಲೆ ಎಂದೆ. ಈಗ ಕೊಯ್ಯುವ ಹಂತ ದಾಟಿದೆ ಎಂದು ಇಲ್ಲಿಯ ಡಾಕ್ಟರು ಹೇಳಿದ್ದಾರೆ. ಮಾತು ತಾನಾಗಿಯೇ ಹೋಯಿತು. ನನ್ನ ಹಟದಿಂದ ಎರಡೂ ಹೋದವು. ಪಂಢರಿ ಮುಖ ಕೊಟ್ಟು ಮಾತಾಡುವುದಿಲ್ಲ. ಹೆದರಿಕೆಯಾಗುತ್ತದೆ, ನಿನಗೆ ಮಾತ್ರ ಬರೆಯುತ್ತಿದ್ದೇನೆ.

ಅವತ್ತು ನಿನ್ನ ಆ ದೊಡ್ಡ ಮನುಷ್ಯನ ಎದುರು ಎರಡನೇ ಹಾಡಿಗೆ ನನ್ನ ದನಿ ಬೀದಿಪಾಲಾಗುತ್ತಿತ್ತು. ಬೆಳಗಿನಿಂದ ಅದೇ ಭಯದಲ್ಲಿ ಕುಳಿತಿದ್ದೆ. ನೀನು ಮಂಗಳ ಹಾಡೋಣ ಎಂದಾಗ ದೇವರೇ ನಿನ್ನ ಬಾಯಲ್ಲಿ ಹೇಳಿಸಿದ ಎಂದುಕೊಂಡೆ. ನಿನಗೆ ಅದರಿಂದ ಏನಾಗುತ್ತದೆ ಎಂದು ಯೋಚಿಸಲಿಲ್ಲ.

ನೀನೂ ಸಣ್ಣವಳಲ್ಲ ಬಿಡು. ಅಂಬುಜಮ್ಮ ಕಾರ್ಡು ಬರೆದಿದ್ದಳು. ಕೇಂದ್ರ ಮುಚ್ಚುವ ಆರ್ಡರು ಸಂಕ್ರಾಂತಿಗೆ ಮುಂಚೆಯೇ ಬಂತಂತೆ, ಟೀಚರುಗಳನ್ನೆಲ್ಲ ಅವರವರ ಸ್ಕೂಲಿಗೆ ವಾಪಸು ಕಳಿಸಿದರಂತೆ. ಆ ಮುರಳೀಧರ ರಾವ್ ಬರುವುದೇ ಇಲ್ಲವಂತೆ. ಎಲ್ಲ ಸಿದ್ಧವಾಗಿದೆ ಎಂದು ಬರೆಯಲು ನಿನಗೆ ಕೈ ಹೇಗೆ ಬಂತು? ಬರದೇ ಇರುವ ಮನುಷ್ಯನಿಗಾಗಿ ನನ್ನನ್ನು ಅಷ್ಟೊಂದು ಕಾಡಿದ್ದು ಏಕೆ? ಮುಚ್ಚಿತು ಎಂದು ತಿಳಿದರೆ ನಾನು ತಿರುಗಿಯೂ ನೋಡುವುದಿಲ್ಲ ಎಂದು ನೀನು ಅಂದುಕೊಂಡೆ, ಹೌದೋ ಅಲ್ಲವೋ?

ಕಮಿಟಿಯವರಿಗಾಗಿ ನಾನು ಒಂದು ದಿನವೂ ಹಾಡಿದವಳಲ್ಲ. ಮುಚ್ಚಿದರೆ ಮುಚ್ಚಲಿ. ಟೀಚರುಗಳ ಕಾಲು ಮುರಿದಿಲ್ಲವಲ್ಲ, ಶನಿವಾರ ಪಲ್ಲಾವರಂಗೆ ರೈಲು ಓಡುತ್ತದಲ್ಲ.

ಪಂಢರಿ ಆಫೀಸಿನ ಕೆಲಸಕ್ಕೆ ಮದರಾಸಿಗೆ ಬರುತ್ತಾನೆ. ಅವನ ಕೈಯಲ್ಲಿ ತಾಳ ಕಳಿಸುತ್ತೇನೆ. ಅಂಬುಜಮ್ಮನೊಬ್ಬಳಿಗೆ ಕೊಡುವುದಿಲ್ಲ, ಓಡುತ್ತಾಳೆ. ನಿನ್ನೊಬ್ಬಳಿಗೂ ಕೊಡುವುದಿಲ್ಲ, ನೀನು ಎಣಿಸುತ್ತಾ ನಿಂತುಬಿಡುತ್ತೀಯ. ಒಂದು ಬಟ್ಟಲು ನೀನು ಹಿಡಿ, ಇನ್ನೊಂದು ಅವಳು ಹಿಡಿಯಲಿ. ನಡುವಿನ ದಾರ ಬಿಚ್ಚಬೇಡಿ. ಇಬ್ಬರೂ ಪಕ್ಕ ಕುಳಿತು ತಟ್ಟಿ. ಮುನಿಸಿಕೊಂಡರೆ ಸದ್ದೇ ಬರುವುದಿಲ್ಲ, ಆಗ ತಿಳಿಯುತ್ತದೆ.

ಭೀಮಾಬಾಯಿ


ಅಡ್ಯಾರ್
2 ಮಾರ್ಚ್ 1958

ಪ್ರೀತಿಯ ಭೀಮಕ್ಕ,

ಹೌದು. ಕೇಂದ್ರ ಮುಚ್ಚಿತು ಎಂದು ಗೊತ್ತಾದರೆ ನೀವು ಕೈ ಬಿಡುತ್ತೀರಿ ಎಂದುಕೊಂಡೆ. ಅದಕ್ಕೇ ಮುಚ್ಚಿಟ್ಟೆ.

ನಿನ್ನೆ ಅಂಬುಜಮ್ಮನ ಮನೆಯಲ್ಲಿ ಕುಳಿತೆವು. ಮಂಡಳಿಯವರು ಎಲ್ಲ ಬಂದರು. ಟೀಚರುಗಳಲ್ಲಿ ಯಾರು ಬರುತ್ತಾರೆ, ಆರ್ಡರಿಲ್ಲ, ಹಾಜರಿ ಇಲ್ಲ ಎಂದುಕೊಂಡಿದ್ದೆ. ದೀಪ ಹಚ್ಚುವ ಹೊತ್ತಿಗೆ ನೋಡಿದರೆ ಚಪ್ಪಲಿಗಳು ತಿಣ್ಣೆ ದಾಟಿ ಬೀದಿಗೆ ಬಂದಿದ್ದವು. ಇಬ್ಬರು ಬರಲಿಲ್ಲ, ಉಳಿದವರೆಲ್ಲ ಬಂದರು. ಬೀಗರ ಹಾಗೆ ಕೂರಿಸಲಿಲ್ಲ. ಸೀತಾ ಹೋಗಿ ಮುದುಕಿಯರ ನಡುವೆ ತೂರಿಕೊಂಡಳು. ಅವಳು ಬರೆದ ಪುಸ್ತಕ ತಗಡಿನ ಟ್ರಂಕಿನಲ್ಲಿದೆ, ಇಲಿಗೆ ಸಿಗುವುದಿಲ್ಲ.

ಇನ್ನು ನಾವಿಬ್ಬರು. ಮೊದಲನೇ ಹಾಡಿಗೆ ಅಂಬುಜಮ್ಮ ನನ್ನ ಹೆಬ್ಬೆರಳನ್ನು ಚೆನ್ನಾಗಿ ಜಜ್ಜಿದರು. "ನೀವು ತಡ ಮಾಡಿದ್ರಿ" ಎಂದರು. "ನೀವು ಬೇಗ ಬಂದ್ರಿ" ಎಂದೆ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಎರಡನೇ ಹಾಡಿನಲ್ಲೂ ಎಡವಿದೆವು. ಮೂರನೆಯದರಲ್ಲಿ ನಾನು ಎಣಿಸುವುದನ್ನು ಬಿಟ್ಟು ಅವರ ಮೊಣಕೈ ನೋಡತೊಡಗಿದೆ. ಅವರೂ ನನ್ನ ಕಡೆ ಓರೆಗಣ್ಣಿಟ್ಟರು. ಆಮೇಲೆ ಆ ತಾಳ ನಿಮ್ಮ ಮನೆಯಲ್ಲಿ ಕೇಳುತ್ತಿದ್ದ ಹಾಗೆಯೇ ಕೇಳಿತು. ನಿಮ್ಮ ಅತ್ತೆಯ ಧಾಟಿಯ ಹಾಡಿಗೆ ಮಂಡಳಿಯವರೇ ಒಂದು ಕಡೆ ತಡವರಿಸಿದರು. ಆಗ ಸೀತಾ ಒಬ್ಬಳೇ ಮುಂದುವರಿಸಿದಳು. ನೀವು ಎಲ್ಲಿ ಉಸಿರು ತೆಗೆಯುತ್ತಿದ್ದಿರೋ ಅಲ್ಲೇ ಅವಳೂ ಉಸಿರು ತೆಗೆದಳು. ಅಂಬುಜಮ್ಮನ ಕಣ್ಣಲ್ಲಿ ನೀರು ಬಂತು. ತಾಳ ಮಾತ್ರ ತಪ್ಪಲಿಲ್ಲ.

ಮಂಗಳ ಹಾಡಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. "ಭೀಮಕ್ಕ ಬರಲಿ, ಆಮೇಲೆ" ಎಂದೆ. ಸಭೆ ಮುಗಿದಿಲ್ಲ ಎಂದ ಮೇಲೆ ದೀಪ ಆರಿಸುವುದು ಹೇಗೆ? ಅಂಬುಜಮ್ಮ ಎಣ್ಣೆ ಹಾಕಿ ಉರಿಸುತ್ತಿದ್ದಾರೆ. ಅವರು ಸಂತೆಗೆ ಹೋದರೆ ಪಕ್ಕದವರು ನೋಡಿಕೊಳ್ಳುತ್ತಾರಂತೆ. ಮಂಗಳ ಬಾಕಿ ಇದೆ ಭೀಮಕ್ಕ. ನೀವು ಹಾಡಬೇಡಿ, ಬಂದು ಒರಗಿ ಕುಳಿತರೆ ಸಾಕು. ನಿಮ್ಮನ್ನು ಕರೆತನ್ನಿ ಎಂದು, ತಾಳ ತಂದುಕೊಟ್ಟ ದಿನವೇ ಪಂಢರಿಗೆ ಕೈಮುಗಿದು ಕೇಳಿದ್ದೇನೆ. ಅವರು ಟವೆಲಿನಿಂದ ಮುಖ ಒರೆಸಿಕೊಂಡು ಹೋದರು. ನೀವು ಬರುವ ತನಕ ನಾನು ಆ ದೀಪ ಆರಲು ಬಿಡುವುದಿಲ್ಲ.

ನಿಮ್ಮ
ವೆಂಕಟಲಕ್ಷ್ಮಿ


ಗುಂತಕಲ್
22 ಮಾರ್ಚ್ 1958

ಮಗಳೇ,

ಯುಗಾದಿ ಆಯಿತು. ಬೇವು ಬೆಲ್ಲ ನಾಲಿಗೆಗೆ ಹಚ್ಚಿದರು. ಬೇವು ಗೊತ್ತಾಯಿತು.

ನಾನು ಬರುವುದಿಲ್ಲ. ನನ್ನ ಹೆಸರಲ್ಲಿ ದೀಪ ಉರಿಸಿಟ್ಟು ಕಾಯಬೇಡ. ಸಭೆ ತೆರೆದಿಟ್ಟು ಜನರನ್ನು ಅರ್ಧಕ್ಕೆ ಮನೆಗೆ ಕಳಿಸುವುದು ಸರಿಯಲ್ಲ. ಮುಗಿಸಿದರೆ ತಾನೇ ಮುಂದಿನ ಶನಿವಾರ ಹೊಸದಾಗಿ ಶುರು ಮಾಡುವುದು? ಅಷ್ಟು ತಿಳಿಯುವುದಿಲ್ಲವೇ ನಿನಗೆ.

ಗುರುವಾರ ದೀಪ ಹಚ್ಚುವ ಹೊತ್ತಿಗೆ ಎಲ್ಲರನ್ನೂ ಕರೆದು ಮಂಗಳ ನೀನು ಹೇಳು. ನನಗೆ ಇಳಿಸಿದ ಶ್ರುತಿಯಲ್ಲಿ ಬೇಡ. ನಿನ್ನ ಶ್ರುತಿಯಲ್ಲಿ ಹೇಳು. ಆ ಹೊತ್ತಿಗೆ ನಾನು ಇಲ್ಲಿ ಕೈ ತಟ್ಟುತ್ತೇನೆ. ತಪ್ಪಿದರೆ ಇಲ್ಲಿಗೆ ಗೊತ್ತಾಗುತ್ತದೆ.

ಭೀ.


ಅಡ್ಯಾರ್
28 ಮಾರ್ಚ್ 1958

ಭೀಮಕ್ಕ,

ನಿಮ್ಮ ಕಾರ್ಡು ಬುಧವಾರ ಬಂತು. ಓದಿ ಒಲೆಗೆ ಹಾಕೋಣ ಎನಿಸಿತು. ಹೇಳುವುದಿಲ್ಲ, ಏನು ಮಾಡುತ್ತಾರೋ ಮಾಡಲಿ ಎಂದು ಹಟ ಹಿಡಿದೆ. ಕೊನೆಗೆ ಸಂಜೆ ಕಾರ್ಡು ತೆಗೆದುಕೊಂಡು ಪಲ್ಲಾವರಂಗೆ ಹೋದೆ. ಅಂಬುಜಮ್ಮ ಅದನ್ನು ಕಣ್ಣಿಗೊತ್ತಿಕೊಂಡು, "ಹೇಳಿದ ಮೇಲೆ ಮುಗೀತಮ್ಮಾ. ಅವರ ಮಾತು ಯಾವತ್ತು ನಾವು ಮೀರಿದ್ದೇವೆ?" ಎಂದರು.

ನಿನ್ನೆ ಗುರುವಾರ ಎಲ್ಲರೂ ಬಂದರು. ಸೀತಾ ಸ್ಕೂಲಿನಿಂದ ನೇರ ಬಂದಳು. ನಾನು ಮಂಗಳ ಹೇಳಿದೆ, ನನ್ನ ಶ್ರುತಿಯಲ್ಲೇ. ಮೇಲಿನ ಷಡ್ಜಕ್ಕೆ ಬಂದಾಗ ನನ್ನ ದನಿಯೂ ಒಡೆಯಿತು, ಹುಣ್ಣಿಲ್ಲದೆಯೇ ಒಡೆಯಿತು. ಅಂಬುಜಮ್ಮ ಜೋರಾಗಿ ಹಾಡಿ ಮುಚ್ಚಿದರು, ನಿಮಗೆ ಮಾಡಿದ ಹಾಗೆಯೇ. ಅವರ ಕೈಯಲ್ಲಿ ತಾಳ ಇತ್ತಾದ್ದರಿಂದ ಆರತಿಯನ್ನು ಸೀತಾಗೆ ಕೊಟ್ಟರು. ನೀವು ಬರಲೆಂದು ಉರಿಸಿಟ್ಟಿದ್ದ ಆ ದೀಪದಿಂದಲೇ ಅವಳು ಬತ್ತಿ ಹೊತ್ತಿಸಿಕೊಂಡಳು.

ಆರತಿ ಆಯಿತು. ಎಲ್ಲರೂ ಕಣ್ಣಿಗೊತ್ತಿಕೊಂಡರು. ಅವತ್ತು ಕೇಂದ್ರದಲ್ಲಿ ಮಂಗಳ ಮುಗಿದ ಕೂಡಲೇ ನೀವೆಲ್ಲ ಎದ್ದು ಹೊರಟಿರಲ್ಲ, ನನಗೆ ಅದೇ ಕಣ್ಣ ಮುಂದೆ ಬಂತು. ಈಗ ಏಳುತ್ತಾರೆ, ಈಗ ಚಪ್ಪಲಿ ಹುಡುಕುತ್ತಾರೆ ಎಂದು ಬಾಗಿಲ ಕಡೆ ನೋಡಿದೆ.

ಯಾರೂ ಏಳಲಿಲ್ಲ. ಮಂಡಳಿಯವರೂ ಏಳಲಿಲ್ಲ, ಟೀಚರುಗಳೂ ಏಳಲಿಲ್ಲ. ಹಾಡುವಂತಿಲ್ಲ, ಅದು ಎಲ್ಲರಿಗೂ ಗೊತ್ತು. ಸುಮ್ಮನೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅಂಬುಜಮ್ಮ, "ಏಳ್ರೇ, ಮುಗೀತು. ಶನಿವಾರ ಮತ್ತೆ ಬರಬೇಕಲ್ಲ" ಎಂದರು. ಹೇಳಿದವರೂ ಏಳಲಿಲ್ಲ.

ನೀವು ಅಲ್ಲಿ ಕೈ ತಟ್ಟಿದಿರಾ? ನಾವು ತಪ್ಪಿದ್ದು ಗೊತ್ತಾಯಿತೇ? ಪಂಢರಿಯ ಕೈಯಲ್ಲಾದರೂ ಒಂದು ಗೆರೆ ಬರೆಸಿ. ನಾಳೆ ಶನಿವಾರ. ತಾಳ ಅಂಬುಜಮ್ಮನ ದೇವರ ಗೂಡಿನಲ್ಲಿದೆ, ದಾರ ಬಿಚ್ಚಿಲ್ಲ.

ನಿಮ್ಮ ಮಗಳು
ವೆಂಕಟಲಕ್ಷ್ಮಿ